ಕರೆಪಟ್ಟಿಯೊಳಗಿನ ಕಳ್ಳ

1991ರ ಜುಲೈ 1ರಂದು ಫಿನ್ಲೆಂಡಿನ ಮಾಜಿ ಪ್ರಧಾನಿ ಹ್ಯಾರಿ ಹೋಲ್ಕೇರಿ ಅವರು ಟಾಂಪೆರೆ ನಗರದ ಉಪಮೇಯರ್ ಕಾರಿನಾ ಸುವೊನಿಯೊ ಅವರಿಗೆ ಫೋನ್ ಮಾಡಿದರು. ರೇಡಿಯೊಲಿನ್ಯಾ ಕಂಪನಿಯ ಜಾಲದಲ್ಲಿ ಹಾದುಹೋದ ಆ ಕರೆಯೇ ಜಗತ್ತಿನ ಮೊದಲ ಜಿಎಸ್‌ಎಂ ವಾಣಿಜ್ಯ ಕರೆ. ಇಂದು ನಮ್ಮ ಕಿಸೆಗಳಲ್ಲಿರುವ ಸಿಮ್ ಕಾರ್ಡಿನ ವಂಶಾವಳಿ ಅಲ್ಲಿಂದ ಶುರುವಾಗುತ್ತದೆ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, 2000ದ ಡಿಸೆಂಬರ್‌ನಲ್ಲಿ, ಅದೇ ದೇಶದ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯಾಕ್ಕೊ ಹೋಲ್ಮೆನ್ ಒಂದು ಪಿಎಚ್.ಡಿ. ಪ್ರಬಂಧವನ್ನು ಮುಗಿಸಿದರು. ಮೊಬೈಲ್ ಜಾಲವನ್ನು ದುರ್ಬಳಕೆ ಮಾಡುವವರನ್ನು ಅವರ ಕರೆಗಳ ಲೆಕ್ಕದಿಂದಲೇ ಪತ್ತೆ ಮಾಡುವುದು ಹೇಗೆ ಎಂಬುದು ಅದರ ವಿಷಯ. ಅವರಿದ್ದದ್ದು ಕಂಪ್ಯೂಟರ್ ವಿಜ್ಞಾನದ ಪ್ರಯೋಗಾಲಯದಲ್ಲಾದರೂ ಹಿಡಿದ ಆಯುಧಗಳೆಲ್ಲ ಸಂಖ್ಯಾಶಾಸ್ತ್ರದವು.

ಆ ಪ್ರಬಂಧದ ಬುಡದಲ್ಲೇ ಒಂದು ತೊಡಕಿದೆ. ಹಣ ಕಟ್ಟದೆ ತಪ್ಪಿಸಿಕೊಳ್ಳುವ ಉದ್ದೇಶದಿಂದ ಸೇವೆ ಬಳಸುವುದು ವಂಚನೆ. ಆದರೆ ಉದ್ದೇಶ ಯಾರ ಕಣ್ಣಿಗೆ ಕಾಣುತ್ತದೆ? ಕಂಪನಿಗೆ ಕಾಣುವುದು ಕರೆಪಟ್ಟಿ ಮಾತ್ರ. ಯಾವ ಸಿಮ್‌ನಿಂದ ಯಾವ ನಂಬರಿಗೆ ಎಷ್ಟು ಹೊತ್ತಿಗೆ ಕರೆ ಹೋಯಿತು, ಎಷ್ಟು ನಿಮಿಷ ನಡೆಯಿತು, ಆಗ ಫೋನು ಯಾವ ಟವರಿನ ಕೆಳಗಿತ್ತು, ಇಷ್ಟೇ. ಒಳಗೆ ಆಡಿದ ಮಾತು ಅದರಲ್ಲಿಲ್ಲ. ಉದ್ದೇಶದ ನೆರಳು ಈ ಪಟ್ಟಿಯ ಮೇಲೆ ಬಿದ್ದೇ ಬೀಳುತ್ತದೆ ಎಂದು ನಂಬಿಕೊಂಡು ಹೋಲ್ಮೆನ್ ಕೆಲಸ ಶುರುಮಾಡಿದರು. ಈ ಕ್ಷೇತ್ರದಲ್ಲಿ ಅವರಿಗೆ ಮುಂಚೆ ದುಡಿದವರೂ ಆಮೇಲೆ ಬಂದವರೂ ಇದೇ ನಂಬಿಕೆಯ ಮೇಲೆ ನಿಂತವರು.

ಅವರಿಗಿಂತ ಮುಂಚಿನ ಕಥೆ ಅಮೆರಿಕದ್ದು. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿದ್ದದ್ದು ಅನಲಾಗ್ ಮೊಬೈಲ್. ಪ್ರತಿ ಫೋನೂ ತನ್ನ ಗುರುತಿನ ಸಂಖ್ಯೆಯನ್ನು ಯಾವ ಮುಚ್ಚುಮರೆಯೂ ಇಲ್ಲದೆ ಗಾಳಿಗೆ ಬಿಡುತ್ತಿತ್ತು. ಹೆದ್ದಾರಿಯ ಪಕ್ಕದಲ್ಲೋ ವಿಮಾನ ನಿಲ್ದಾಣದ ಹತ್ತಿರವೋ ಸ್ಕ್ಯಾನರ್ ಹಿಡಿದು ಕೂತವನಿಗೆ ಆ ಸಂಖ್ಯೆಗಳು ಪುಕ್ಕಟೆ ಸಿಗುತ್ತಿದ್ದವು. ಅವನ್ನು ಇನ್ನೊಂದು ಹ್ಯಾಂಡ್‌ಸೆಟ್ಟಿಗೆ ತುಂಬಿದರೆ ಆಯಿತು, ಮಾತು ಕಳ್ಳನದು, ಬಿಲ್ಲು ಅಮಾಯಕನದು. ಕಂಪನಿಗಳು ವರ್ಷಕ್ಕೆ ಕೋಟ್ಯಂತರ ಡಾಲರ್ ಕಳೆದುಕೊಂಡವು. ಮೊದಮೊದಲು ಹೂಡಿದ ಬಲೆಗಳು ಸರಳವಾಗಿದ್ದವು. ನ್ಯೂಯಾರ್ಕಿನಲ್ಲಿ ಹತ್ತು ಗಂಟೆಗೆ ಮಾತಾಡಿದ ನಂಬರು ಹತ್ತು ನಿಮಿಷ ಬಿಟ್ಟು ಲಾಸ್ ಏಂಜಲೀಸ್‌ನಲ್ಲಿ ಮಾತಾಡಿದರೆ ಎರಡರಲ್ಲೊಂದು ನಕಲಿ. ಒಂದೇ ನಂಬರಿನ ಎರಡು ಕರೆಗಳು ಒಂದರ ಮೇಲೊಂದು ಬಿದ್ದರೂ ಹಾಗೆಯೇ. ಆದರೆ ಕಳ್ಳನೂ ಮಾಲೀಕನೂ ಒಂದೇ ಊರಿನಲ್ಲಿದ್ದು ಬೇರೆ ಬೇರೆ ಹೊತ್ತಿನಲ್ಲಿ ಮಾತಾಡಿದರೆ ಈ ಬಲೆಗೆ ಏನೂ ಬೀಳುವುದಿಲ್ಲ.

ಆಗ ಟಾಮ್ ಫಾಸೆಟ್ ಮತ್ತು ಫಾಸ್ಟರ್ ಪ್ರೊವೋಸ್ಟ್ ಎಂಬ ಇಬ್ಬರು ನ್ಯೂಯಾರ್ಕ್ ಪ್ರದೇಶದ ಕರೆಗಳನ್ನು ಇಟ್ಟುಕೊಂಡು ಒಂದು ವ್ಯವಸ್ಥೆ ಕಟ್ಟಿದರು. 1997ರಲ್ಲಿ ಪ್ರಕಟವಾದ ಅವರ ಲೇಖನವನ್ನು ಈ ವಿಷಯಕ್ಕೆ ಕೈಹಾಕುವ ಪ್ರತಿ ವಿದ್ಯಾರ್ಥಿಯೂ ಇವತ್ತಿಗೂ ಓದುತ್ತಾನೆ. ಕಂಪ್ಯೂಟರ್ ತಾನಾಗಿ ಕಂಡುಕೊಂಡ ಒಂದು ನಿಯಮವನ್ನು ಅವರು ಉದಾಹರಣೆಯಾಗಿ ಕೊಟ್ಟಿದ್ದಾರೆ. ಹೊತ್ತು ರಾತ್ರಿ, ಜಾಗ ಬ್ರಾಂಕ್ಸ್, ಹಾಗಿದ್ದರೆ ಅದು ಕಳ್ಳಕರೆ, ಖಚಿತತೆ 0.89. ಓದಿದ ಕೂಡಲೇ ಮೈ ಜುಮ್ಮೆನ್ನುತ್ತದೆ. ಬ್ರಾಂಕ್ಸ್‌ನಲ್ಲೇ ಮನೆಯಿದ್ದು ರಾತ್ರಿಪಾಳಿ ಮುಗಿಸಿ ಹೆಂಡತಿಗೆ ಫೋನ್ ಮಾಡುವವನ ಗತಿ ಏನು? ಆ ಇಬ್ಬರೂ ಕೇಳಿಕೊಂಡದ್ದು ಇದೇ ಪ್ರಶ್ನೆಯನ್ನು. ನಿಯಮವನ್ನು ಎಲ್ಲರ ಮೇಲೂ ಒಂದೇ ಸಮ ಹೇರದೆ, ಈ ಗಿರಾಕಿಗೆ ಬ್ರಾಂಕ್ಸ್ ರಾತ್ರಿಗಳು ಎಷ್ಟು ಮಾಮೂಲು ಎಂದು ಮೊದಲು ಅಳೆದು, ಆ ಮಾಮೂಲಿಯನ್ನು ಎಷ್ಟು ಮೀರಿದರೆ ಅನುಮಾನ ಎಂದು ಲೆಕ್ಕ ಹಾಕಿದರು. ಕಳ್ಳನ ಲಕ್ಷಣ ಎನ್ನುವುದು ಒಂಟಿಯಾಗಿ ಎಲ್ಲೂ ಇಲ್ಲ, ಅದು ಯಾರದೋ ಮಾಮೂಲಿಗೆ ಹೋಲಿಸಿದಾಗ ಮಾತ್ರ ಲಕ್ಷಣವಾಗುತ್ತದೆ.

ಊರಿನ ಕಿರಾಣಿ ಅಂಗಡಿಯ ಶೆಟ್ಟರಿಗೆ ಈ ವಿದ್ಯೆ ಹೊಸದಲ್ಲ. ಸಾಲದ ಪುಸ್ತಕದಲ್ಲಿ ಯಾವ ಮನೆಗೆ ತಿಂಗಳಿಗೆ ಎಷ್ಟು ಸಕ್ಕರೆ ಹೋಗುತ್ತದೆಂದು ಅವರಿಗೆ ಗೊತ್ತು. ಒಂದು ವಾರ ಮೂರು ಪಟ್ಟು ಹೋದರೆ ಮನೆಯಲ್ಲಿ ಮದುವೆ ಮಾತುಕತೆಯೋ, ಅಥವಾ ಆ ಮನೆಯ ಹೆಸರು ಹೇಳಿ ಬೇರೆ ಯಾರೋ ಸಾಮಾನು ಒಯ್ಯುತ್ತಿದ್ದಾರೋ ಎಂದು ಅವರು ತಲೆಯೆತ್ತಿ ನೋಡುತ್ತಾರೆ. ಬ್ರಿಟನ್ನಿನ ರಾಯಲ್ ಹಾಲೊವೇ ಕಾಲೇಜಿನ ಪೀಟರ್ ಬರ್ಜ್ ಮತ್ತು ಜಾನ್ ಶಾವ್‌-ಟೇಲರ್ ಅದನ್ನೇ ಗಣಿತಕ್ಕೆ ಇಳಿಸಿದರು. ಪ್ರತಿ ಗಿರಾಕಿಗೂ ಎರಡು ಚಿತ್ರ. ಒಂದು ಹಳೆಯ ನಡವಳಿಕೆಯದು, ನಿಧಾನವಾಗಿ ಬದಲಾಗುವಂಥದು. ಇನ್ನೊಂದು ಇತ್ತೀಚಿನದು, ಬೇಗ ಬದಲಾಗುವಂಥದು. ಎರಡರ ನಡುವಿನ ಅಂತರ ಥಟ್ಟನೆ ಹಿಗ್ಗಿದರೆ ಗಂಟೆ ಬಾರಿಸು.

ಅಂತರ ಅಳೆಯುವುದೂ ಸಲೀಸಲ್ಲ. ಕರೆಗಳು ಹೆಚ್ಚಾದರೆ ನಿಮಿಷಗಳೂ ಹೆಚ್ಚುತ್ತವೆ. ಇವೆರಡನ್ನೂ ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿದರೆ ಒಂದೇ ತಪ್ಪಿಗೆ ಎರಡು ಬಾರಿ ಶಿಕ್ಷೆ ಕೊಟ್ಟಂತೆ. ಒಂದಕ್ಕೊಂದು ತಳಕು ಹಾಕಿಕೊಂಡ ಅಳತೆಗಳ ನಡುವೆ ಅಂತರ ಕಾಣುವ ಮಾನದಂಡವನ್ನು 1936ರಲ್ಲೇ ಕೊಟ್ಟವರು ನಮ್ಮ ಪ್ರಶಾಂತಚಂದ್ರ ಮಹಾಲನೋಬಿಸ್, ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದವರು. ಮನುಷ್ಯರ ದೇಹದ ಅಳತೆಗಳನ್ನು ಹೋಲಿಸಲು ಹೊರಟು ಅವರು ಕಂಡುಕೊಂಡ ಸೂತ್ರ ಈಗ ಬ್ಯಾಂಕು, ಕಾರ್ಖಾನೆ, ದೂರಸಂಪರ್ಕ ಎಲ್ಲೆಡೆ 'ಇದು ಮಾಮೂಲಿಯಿಂದ ಎಷ್ಟು ದೂರ' ಎಂದು ಕೇಳುವವರ ಕೈಯಲ್ಲಿದೆ. ಬೆಂಗಳೂರಿನ ಎಂ.ಎಸ್ಸಿ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಉರುಹೊಡೆಯುವ ಸೂತ್ರ ಇದು. ಅದಕ್ಕೆ ಇಂಥ ಉಪಯೋಗವಿದೆ ಎಂದು ತರಗತಿಯಲ್ಲಿ ಹೇಳಿಕೊಡುವ ಮೇಷ್ಟರು ಸಿಕ್ಕರೆ ಅದೃಷ್ಟ.

ಜಿಎಸ್‌ಎಂ ಬಂದಮೇಲೆ ನಕಲಿ ಫೋನಿನ ಹಾವಳಿ ಇಳಿಯಿತು. ಗುರುತು ಈಗ ಸಿಮ್‌ನ ಒಳಗಿನ ಗುಟ್ಟಿನ ಸಂಖ್ಯೆಯಲ್ಲಿ ಅಡಗಿತ್ತು, ಅದು ಗಾಳಿಗೆ ಬರುತ್ತಿರಲಿಲ್ಲ. ಆ ಬೀಗವೂ ಅಭೇದ್ಯವೇನಲ್ಲ ಎಂದು 1998ರಲ್ಲಿ ತೋರಿಸಿದವರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳಿದ್ದರು, ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್. ಆದರೆ ಅದಕ್ಕೆ ಸಿಮ್ ಕೈಗೆ ಸಿಗಬೇಕಿತ್ತು. ಕಳ್ಳರಿಗೆ ಅದಕ್ಕಿಂತ ಸುಲಭದ ದಾರಿ ಇತ್ತು: ಸುಳ್ಳು ಹೆಸರು, ಸುಳ್ಳು ವಿಳಾಸ ಕೊಟ್ಟು ಸಂಪರ್ಕ ಪಡೆಯುವುದು, ತಿಂಗಳಿಡೀ ವಿದೇಶಕ್ಕೆ ಕರೆ ಮಾರುವುದು, ಬಿಲ್ಲು ಬರುವ ಹೊತ್ತಿಗೆ ಮಾಯವಾಗುವುದು. ರೋಮಿಂಗ್ ಇದ್ದರಂತೂ ಹಬ್ಬ. ಹೊರದೇಶದಲ್ಲಿ ಮಾಡಿದ ಕರೆಯ ಲೆಕ್ಕ ತವರಿನ ಕಂಪನಿಗೆ ತಲುಪಲು ದಿನಗಳೇ ಹಿಡಿಯುತ್ತಿದ್ದವು. ನಾಲ್ಕು ಗಂಟೆಯೊಳಗೆ ಲೆಕ್ಕ ಮುಟ್ಟಿಸಬೇಕೆಂಬ ಕಟ್ಟಳೆ ಜಗತ್ತಿನ ಮೊಬೈಲ್ ಕಂಪನಿಗಳ ನಡುವೆ ಬಂದದ್ದು 2008ರಲ್ಲಿ.

ಹೋಲ್ಮೆನ್ ದುಡಿದದ್ದು ಈ ಕಾಲಘಟ್ಟದಲ್ಲಿ. ಮ್ಯೂನಿಕ್ಕಿನ ಸೀಮೆನ್ಸ್ ಕಂಪನಿಯ ಸಂಶೋಧನಾ ವಿಭಾಗದ ವೋಲ್ಕರ್ ಟ್ರೆಸ್ಪ್ ಅವರ ಜೊತೆಗೂಡಿ, ನಿಜವಾದ ಮೊಬೈಲ್ ಜಾಲವೊಂದರ ಕರೆಪಟ್ಟಿಗಳ ಮೇಲೆ ಅವರು ತಮ್ಮ ವಿಧಾನಗಳನ್ನು ಉಜ್ಜಿ ನೋಡಿದರು. ಇಲ್ಲೊಂದು ಕಿರಿಕಿರಿ ಇದೆ, ಹೊರಗಿನವರಿಗೆ ಥಟ್ಟನೆ ಹೊಳೆಯದಂಥದು. 'ಈ ಖಾತೆಯಲ್ಲಿ ಮೋಸ ನಡೆದಿದೆ' ಎಂದು ಕಂಪನಿ ಹೇಳಬಲ್ಲದು. ಆದರೆ ಆ ಖಾತೆಯ ಇನ್ನೂರು ಕರೆಗಳಲ್ಲಿ ಮಾಲೀಕ ಮಾಡಿದ್ದು ಯಾವುದು, ಕಳ್ಳ ಮಾಡಿದ್ದು ಯಾವುದು ಎಂದು ಯಾರೂ ಬೇರ್ಪಡಿಸಿ ಇಟ್ಟಿರುವುದಿಲ್ಲ. ಕಾಳು ಜೊಳ್ಳು ಒಟ್ಟಿಗೇ ಚೀಲದಲ್ಲಿರುತ್ತವೆ.

ಅವರು ಕಟ್ಟಿದ ಮಾದರಿಗೆ ಮೂರು ಅಂತಸ್ತು. ಮೇಲಿನದು 'ಈ ಖಾತೆ ಕಳ್ಳನ ಕೈಗೆ ಸಿಕ್ಕಿದೆಯೇ' ಎಂಬ ಸ್ಥಿತಿ. ಅದು ಅಪರೂಪಕ್ಕೆ ಬದಲಾಗುತ್ತದೆ. ನಡುವಿನದು 'ಸಿಕ್ಕಿದ್ದರೂ ಈ ಗಳಿಗೆಯಲ್ಲಿ ಫೋನ್ ಆಡಿಸುತ್ತಿರುವುದು ಮಾಲೀಕನೋ ಕಳ್ಳನೋ' ಎಂಬುದು. ಅದು ಆಗಾಗ ಬದಲಾಗುತ್ತದೆ. ಇವೆರಡೂ ಕಾಣುವುದಿಲ್ಲ. ಕೆಳಗಿನದಷ್ಟೇ ಕಾಣುತ್ತದೆ, ಕರೆ ನಡೆಯುತ್ತಿದೆಯೋ ಇಲ್ಲವೋ ಎಂಬ ಬರಿಯ ಸಂಗತಿ. ಕಾಣುವುದರಿಂದ ಕಾಣದ್ದರ ಸಂಭವನೀಯತೆಯನ್ನು ಗಳಿಗೆ ಗಳಿಗೆಗೂ ಲೆಕ್ಕ ಹಾಕುತ್ತ ಹೋಗುವುದೇ ಪತ್ತೆದಾರಿಕೆ. ಅರ್ಥವ್ಯವಸ್ಥೆ ಏರಿನಲ್ಲಿದೆಯೋ ಇಳಿತದಲ್ಲಿದೆಯೋ ಎಂದು ತಿಳಿಯಲು 1989ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಬಳಸಿದ ವಿಧಾನದ ಬಂಧು ಇದು. ಇನ್ನೊಂದು ಕಡೆ, ಒಂದೇ ಬಗೆಯ ಬಳಕೆದಾರರನ್ನು ಅಕ್ಕಪಕ್ಕದಲ್ಲಿ ಕೂರಿಸುವ ನಕ್ಷೆಯೊಂದನ್ನೂ ಹೋಲ್ಮೆನ್ ಬಳಸಿದರು. ಅದು ಅವರದೇ ವಿಶ್ವವಿದ್ಯಾಲಯದ ತೆಯುವೊ ಕೊಹೊನೆನ್ ಅವರ ಕೊಡುಗೆ.

ಈ ಯಂತ್ರ 'ಇವನು ಕಳ್ಳ' ಎಂದು ಹೇಳುವುದೇ ಇಲ್ಲ. 'ಇಷ್ಟು ಸಂಭವ' ಎನ್ನುತ್ತದೆ, ಅಷ್ಟೇ. ಎಷ್ಟು ಸಂಭವ ದಾಟಿದರೆ ಲೈನ್ ಕತ್ತರಿಸಬೇಕು ಎಂಬ ಗೆರೆಯನ್ನು ಎಳೆಯುವವರು ಮನುಷ್ಯರು. ನಿಜವಾದ ಜಗಳವಿರುವುದು ಆ ಗೆರೆಯ ಮೇಲೆ.

ಒಂದು ಲೆಕ್ಕ ನೋಡಿ. ಒಂದು ಲಕ್ಷ ಸಂಪರ್ಕಗಳಿವೆ, ಅದರಲ್ಲಿ ನೂರು ದುರ್ಬಳಕೆಯವು ಎಂದುಕೊಳ್ಳೋಣ. ನಮ್ಮ ಯಂತ್ರ ಬಲು ಜಾಣ, ನೂರಕ್ಕೆ 99 ಕಳ್ಳರನ್ನು ಹಿಡಿಯುತ್ತದೆ, ಪ್ರಾಮಾಣಿಕರಲ್ಲಿ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಅನುಮಾನಿಸುತ್ತದೆ. ಕಳ್ಳರಲ್ಲಿ 99 ಮಂದಿ ಸಿಕ್ಕರು. ಪ್ರಾಮಾಣಿಕರು 99,900 ಮಂದಿ, ಅವರ ನೂರರಲ್ಲೊಂದು ಪಾಲು ಎಂದರೆ 999. ಗಂಟೆ ಬಾರಿಸಿದ್ದು ಒಟ್ಟು 1,098 ಸಲ, ನಿಜವಾದ ಕಳ್ಳರು ಅದರಲ್ಲಿ ಶೇ 9 ಮಾತ್ರ. ಶೇ 99ರಷ್ಟು ನಿಖರ ಎಂದು ಜಾಹೀರಾತು ಹಾಕಿಕೊಳ್ಳಬಹುದಾದ ಯಂತ್ರ, ಅದು ಬೆರಳು ಮಾಡಿ ತೋರಿಸಿದ ಹತ್ತರಲ್ಲಿ ಒಂಬತ್ತು ಮಂದಿ ನಿರಪರಾಧಿಗಳು! ಯಂತ್ರದ ದಡ್ಡತನವಲ್ಲ ಇದು. ಕಳ್ಳರು ವಿರಳ ಎಂಬ ಒಳ್ಳೆಯ ಸಂಗತಿಯ ಕೆಟ್ಟ ಫಲ.

ಆದ್ದರಿಂದ ಫಾಸೆಟ್ ಮತ್ತು ಪ್ರೊವೋಸ್ಟ್ ನಿಖರತೆಯನ್ನು ಪಕ್ಕಕ್ಕಿಟ್ಟು ಖರ್ಚು ಎಣಿಸಿದರು. ಸುಮ್ಮನೆ ಬಾರಿಸಿದ ಪ್ರತಿ ಗಂಟೆಗೆ 5 ಡಾಲರ್, ಹಿಡಿಯದೆ ಬಿಟ್ಟ ಕಳ್ಳಕರೆಯ ಪ್ರತಿ ನಿಮಿಷಕ್ಕೆ 40 ಸೆಂಟ್. ಯಾವ ವಿಧಾನದಲ್ಲಿ ಒಟ್ಟು ಖರ್ಚು ಕಡಿಮೆಯೋ ಅದೇ ಒಳ್ಳೆಯದು. ಹೋಲ್ಮೆನ್ ಕೂಡ ತಪ್ಪಿನ ಬೆಲೆ ಎಲ್ಲ ಪ್ರಕರಣದಲ್ಲೂ ಒಂದೇ ಅಲ್ಲವೆಂಬುದನ್ನು ಲೆಕ್ಕದೊಳಕ್ಕೆ ತಂದರು. ಸೊಗಸಾದ ಯೋಚನೆ, ಆದರೆ ನನಗೆ ಒಂದು ತಕರಾರಿದೆ. ಆ 5 ಡಾಲರ್ ಕಂಪನಿಗೆ ತಗಲುವ ವೆಚ್ಚ. ಹೆರಿಗೆ ನೋವು ಶುರುವಾದ ಮನೆಯಲ್ಲಿ ಫೋನ್ ಸತ್ತುಹೋದರೆ ಅದರ ಬೆಲೆ ಯಾವ ಕಾಲಂನಲ್ಲಿ ಬರೆಯಬೇಕು?

2001ರಲ್ಲಿ ಎಟಿ ಅಂಡ್ ಟಿ ಪ್ರಯೋಗಾಲಯದ ಕೊರಿನ್ನಾ ಕೋರ್ಟೆಸ್, ಡ್ಯಾರಿಲ್ ಪ್ರೆಗಿಬನ್, ಕ್ರಿಸ್ ವೊಲಿನ್ಸ್ಕಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಿಲ್ಲು ಮುಳುಗಿಸಿ ಹೋದವನು ಹೊಸ ಹೆಸರಿನಲ್ಲಿ ಮತ್ತೆ ಸಂಪರ್ಕ ಪಡೆಯಬಹುದು. ಹೆಸರು, ವಿಳಾಸ, ನಂಬರು ಎಲ್ಲ ಬದಲಿಸಬಹುದು. ಆದರೆ ಅಮ್ಮನನ್ನು, ತಮ್ಮನನ್ನು, ಗೆಳತಿಯನ್ನು ಬದಲಿಸಲಾರ. ಹೊಸ ನಂಬರು ಹಳೆಯ ನಂಬರಿನ ನೆಂಟರಿಷ್ಟರಿಗೇ ಫೋನ್ ಮಾಡುತ್ತಿದ್ದರೆ ಇಬ್ಬರೂ ಒಬ್ಬರೇ. ನಾವು ಯಾರಿಗೆ ಫೋನ್ ಮಾಡುತ್ತೇವೆ ಎಂಬ ಪಟ್ಟಿ ನಮ್ಮ ಬೆರಳಚ್ಚಿನಷ್ಟೇ ಅನನ್ಯ. ಬಾಕಿದಾರನನ್ನು ಹಿಡಿಯಲು ಬಂದ ಈ ವಿದ್ಯೆ ಪತ್ರಕರ್ತನಿಗೆ ಸುದ್ದಿ ಕೊಟ್ಟವನನ್ನೂ ಅಷ್ಟೇ ಸಲೀಸಾಗಿ ಹಿಡಿಯಬಲ್ಲದು. ನಮ್ಮಲ್ಲಿ 2021ರ ಡಿಸೆಂಬರ್‌ನಿಂದ ಕರೆಪಟ್ಟಿಗಳನ್ನು ಕನಿಷ್ಠ ಎರಡು ವರ್ಷ ಕಾಪಿಡಬೇಕೆಂಬ ನಿಯಮವಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಿಕೊಳ್ಳಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಬಿಲ್ಲು ತಪ್ಪಿಸಿಕೊಳ್ಳುವ ಮಾತೇ ಹೆಚ್ಚುಕಡಿಮೆ ಮುಗಿದಿದೆ. ಹೆಚ್ಚಿನವರು ಮೊದಲೇ ರೀಚಾರ್ಜ್ ಮಾಡಿಸಿದವರು, ಕರೆಗಳಿಗೆ ಮಿತಿಯಿಲ್ಲ. ಹಾಗಾಗಿ ದುರ್ಬಳಕೆಯ ದಿಕ್ಕೇ ಬದಲಾಗಿದೆ. ಅಲ್ಲಿ ಕಳೆದುಕೊಂಡದ್ದು ಕಂಪನಿ, ಇಲ್ಲಿ ಕಳೆದುಕೊಳ್ಳುತ್ತಿರುವುದು ಮೋಸಗಾರನ ಕರೆಗೆ ಫೋನ್ ಎತ್ತಿದ ನಿವೃತ್ತ ಶಿಕ್ಷಕಿ. ಕಂಪನಿಗೂ ಸರ್ಕಾರಕ್ಕೂ ನಷ್ಟ ತರುವ ಒಂದು ದಂಧೆ ಇನ್ನೂ ಉಳಿದಿದೆ, ಅದು ಸಿಮ್ ಬಾಕ್ಸ್. ವಿದೇಶದ ಕರೆ ಇಂಟರ್ನೆಟ್ ಮೂಲಕ ಬಂದು ಬಾಡಿಗೆ ಕೋಣೆಯೊಂದರ ಪೆಟ್ಟಿಗೆಗೆ ಇಳಿಯುತ್ತದೆ, ಅಲ್ಲಿರುವ ಸ್ಥಳೀಯ ಸಿಮ್‌ನಿಂದ ಊರಿನ ಕರೆಯಾಗಿ ಹೊರಡುತ್ತದೆ. ಅಂತರರಾಷ್ಟ್ರೀಯ ಕರೆಗೆ ಸಲ್ಲಬೇಕಾದ ಶುಲ್ಕ ಖೋತಾ, ಕರೆ ಮಾಡಿದವನ ಗುರುತೂ ಮಾಯ. 2021ರ ಜೂನ್‌ನಲ್ಲಿ ಸೇನೆಯ ಗುಪ್ತಚರ ವಿಭಾಗದ ಸುಳಿವಿನ ಮೇಲೆ ಬೆಂಗಳೂರಿನಲ್ಲಿ ಇಂಥ 32 ಪೆಟ್ಟಿಗೆಗಳು ಸಿಕ್ಕವು. ಅವುಗಳಲ್ಲಿ ಒಟ್ಟಿಗೆ 960 ಸಿಮ್‌ಗಳನ್ನು ಓಡಿಸಬಹುದಿತ್ತು.

ಪೆಟ್ಟಿಗೆಯ ಸಿಮ್‌ಗೆ ಕರೆಪಟ್ಟಿಯಲ್ಲಿ ಎದ್ದುಕಾಣುವ ಮುಖವಿದೆ. ಹೊರಹೋಗುವ ಕರೆಗಳು ವಿಪರೀತ, ಒಳಬರುವುದು ಇಲ್ಲವೆನ್ನುವಷ್ಟು. ಒಮ್ಮೆ ಮಾತಾಡಿದ ನಂಬರಿಗೆ ಮತ್ತೆ ಮಾತಾಡುವುದಿಲ್ಲ. ಎಲ್ಲಿಗೂ ಹೋಗುವುದಿಲ್ಲ, ಒಂದೇ ಟವರ್, ಬೆಳಗಿನಿಂದ ರಾತ್ರಿಯವರೆಗೆ. ಹಿಡಿಯಲು ಇಷ್ಟು ಸಾಕು ಅನ್ನಿಸಬಹುದು. ಆದರೆ ದಂಧೆಯವರೂ ಓದಿಕೊಂಡವರೇ. ಸಿಮ್‌ಗಳನ್ನು ಸರದಿಯಲ್ಲಿ ಬದಲಿಸುತ್ತಾರೆ, ತಮ್ಮ ಸಿಮ್‌ಗಳ ನಡುವೆಯೇ ಕರೆ ಮಾಡಿಸಿ ಸಂದೇಶ ಕಳಿಸಿ ಸಂಸಾರಸ್ಥರಂತೆ ನಟಿಸುತ್ತಾರೆ. ಇತ್ತ ಅಮಾಯಕರ ಪಟ್ಟಿಯೂ ಉದ್ದವಿದೆ. ರೋಗಿಗಳಿಗೆ ನಾಳೆಯ ಸರದಿ ನೆನಪಿಸಲು ಆಸ್ಪತ್ರೆಯ ಟೇಬಲ್ಲಿನಿಂದ ದಿನವಿಡೀ ಫೋನ್ ಮಾಡುವ ಹುಡುಗಿಯದೂ ಇದೇ ಮುಖ. ಚುನಾವಣೆಯ ಹಿಂದಿನ ವಾರ ಸಹಕಾರ ಸಂಘದ ಸದಸ್ಯರಿಗೆಲ್ಲ ಕರೆ ಮಾಡುವ ಕಾರ್ಯದರ್ಶಿಯದೂ ಇದೇ.

ನಮ್ಮ ಹೊಲಗಳಲ್ಲಿ ಇನ್ನೊಂದು ಬಗೆಯ ಸಿಮ್ ಇದೆ, ಹೆಲ್ಸಿಂಕಿಯವರು ಊಹಿಸಲಾರದಂಥದು. ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗ ಬರುತ್ತದೋ ಎಂದು ಕಾದು ಸೋತ ರೈತರು ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಅದರೊಳಗೊಂದು ಸಿಮ್. ಅದು ಬೋರ್‌ವೆಲ್ ಬಿಟ್ಟು ಅಲ್ಲಾಡುವುದಿಲ್ಲ, ಒಬ್ಬನೊಂದಿಗೆ ಬಿಟ್ಟರೆ ಬೇರೆ ಯಾರೊಂದಿಗೂ ವ್ಯವಹಾರವಿಲ್ಲ, ನಡುರಾತ್ರಿ ಎರಡು ಗಂಟೆಗೆ ಅದಕ್ಕೊಂದು ಕರೆ, ಕೆಲವೇ ಸೆಕೆಂಡು. ಹೊರದೇಶದ ಗಿರಾಕಿಗಳ ಮೇಲೆ ಪಳಗಿದ ಯಾವ ಮಾದರಿಯೂ ಇದನ್ನು ಮಾಮೂಲು ಎಂದು ಒಪ್ಪಲಾರದು. ಚಿತ್ರದುರ್ಗದ ತೋಟದಲ್ಲಿ ಅದು ಮಾಮೂಲೇ. ಹೊರಗಿನಿಂದ ತಂದ ಮಾದರಿಯನ್ನು ಇಲ್ಲಿಯ ಬದುಕಿನ ಮೇಲೆ ಹಾಗೆಯೇ ಕೂರಿಸಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಹೊಳೆಯುತ್ತಿಲ್ಲ. ಇಲ್ಲಿಯ ಸಂಖ್ಯಾಶಾಸ್ತ್ರ ವಿಭಾಗಗಳಿಗೆ ಇದೇ ಪಿಎಚ್.ಡಿ. ವಿಷಯ. ಆದರೆ ಕರೆಪಟ್ಟಿ ಕೈಗೆ ಸಿಗದ ವಿದ್ಯಾರ್ಥಿ ತಾನೇ ಹೊಸೆದ ಕೃತಕ ಅಂಕಿಗಳ ಮೇಲೆ ಪ್ರಬಂಧ ಬರೆದರೆ, ಅವನು ಹಿಡಿಯುವುದು ತಾನೇ ಬಚ್ಚಿಟ್ಟ ಕಳ್ಳನನ್ನು. ಹೋಲ್ಮೆನ್‌ಗೆ ಸಿಕ್ಕ ಭಾಗ್ಯವೆಂದರೆ ನಿಜವಾದ ಜಾಲದ ದತ್ತಾಂಶ. ಗುರುತು ಅಳಿಸಿದ ದತ್ತಾಂಶವನ್ನು ಕಟ್ಟುನಿಟ್ಟಿನ ಕರಾರಿನ ಮೇಲೆ ವಿಶ್ವವಿದ್ಯಾಲಯಗಳಿಗೆ ಕೊಡುವುದು ಕಂಪನಿಗಳಿಗೆ ಕಷ್ಟದ ಕೆಲಸವಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ ಎನ್ನುವುದನ್ನೂ ಹೇಳಬೇಕು. ವಿದೇಶದಿಂದ ಹೊರಟು ನಮ್ಮ ಪರದೆಯ ಮೇಲೆ +91 ಎಂದು ವೇಷ ತೊಟ್ಟು ಬರುವ ಕರೆಗಳನ್ನು ತಡೆಯುವ ವ್ಯವಸ್ಥೆ 2024ರ ಅಕ್ಟೋಬರ್ 22ರಂದು ಚಾಲನೆಗೆ ಬಂತು. ಮೊದಲ 24 ಗಂಟೆಗಳಲ್ಲಿ 1.35 ಕೋಟಿ ಕರೆಗಳು ವೇಷಧಾರಿಗಳೆಂದು ಗುರುತಾದವು. ಭಾರತದ ನಂಬರು ತೋರಿಸುತ್ತ ಹೊರದೇಶದಿಂದ ಬಂದ ಕರೆಗಳಲ್ಲಿ ಇವುಗಳ ಪಾಲು ಸುಮಾರು ಶೇ 90 ಎಂದು ಸರ್ಕಾರವೇ ಹೇಳಿತು. ಇಲ್ಲಿ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಹತ್ತರಲ್ಲಿ ಒಂಬತ್ತು ಕಳ್ಳರಿರುವ ಗುಂಪಿನಲ್ಲಿ ಅನುಮಾನಿಸುವುದು ಸುಲಭ, ತಪ್ಪು ಕಡಿಮೆ. ಉಳಿದ ಆ ಒಂದು ಪಾಲಿನಲ್ಲಿ ದುಬೈಗೆ ಹೋದ ಮಗ ಊರಿನ ಸಿಮ್‌ನಿಂದಲೇ ಮಂಗಳೂರಿನ ತಾಯಿಗೆ ಮಾಡಿದ ಕರೆಯೂ ಇರಬಹುದು. ಆ ನಂಬರು ನಿಜಕ್ಕೂ ರೋಮಿಂಗ್‌ನಲ್ಲಿದೆಯೇ ಎಂದು ಕೇಳಿ ನೋಡಿದರೆ ಅವನನ್ನು ಬಿಡಿಸಿಕೊಳ್ಳಬಹುದು. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ತಂದ ಇನ್ನೊಂದು ಸೂಚಕ ಮೊಬೈಲ್ ನಂಬರುಗಳನ್ನು ಮಧ್ಯಮ, ಹೆಚ್ಚು, ಅತಿ ಹೆಚ್ಚು ಅಪಾಯ ಎಂದು ವಿಂಗಡಿಸಿ ಬ್ಯಾಂಕುಗಳಿಗೂ ಯುಪಿಐ ಸಂಸ್ಥೆಗಳಿಗೂ ತಿಳಿಸುತ್ತದೆ. ಹೌದು-ಇಲ್ಲ ಎಂದು ಕಡ್ಡಿ ಮುರಿಯದೆ ಮೆಟ್ಟಿಲು ಮಾಡಿದ್ದು ಸಂಖ್ಯಾಶಾಸ್ತ್ರ ಬಲ್ಲವರ ಕೆಲಸ, ಮೆಚ್ಚಬೇಕಾದ್ದು. ಆದರೆ ನಂಬರಿಗೆ ಅಂಟಿದ ಕಳಂಕ ನಂಬರಿನ ಜೊತೆಯೇ ಸಾಗುತ್ತದೆ. ಬಳಕೆ ನಿಂತ ನಂಬರು 90 ದಿನಗಳ ನಂತರ ಹೊಸಬರ ಪಾಲಾಗುವ ದೇಶದಲ್ಲಿ ಹಿಂದಿನವನ ಪಾಪ ಯಾರ ತಲೆಗೆ ಬರುತ್ತದೆ ಎಂಬುದನ್ನು ನೋಡಿಕೊಳ್ಳಬೇಕಾದವರೂ ಅವರೇ.

ನೂರ ಹದಿನೈದು ಕೋಟಿಗೂ ಹೆಚ್ಚು ಸಂಪರ್ಕಗಳಿರುವ ನಾಡಿನಲ್ಲಿ ಸಾವಿರಕ್ಕೆ ಒಂದು ತಪ್ಪು ಎಂದರೂ ಹನ್ನೊಂದು ಲಕ್ಷಕ್ಕೂ ಹೆಚ್ಚು ಮಂದಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿಕೊಳ್ಳಿ, ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ. ಅದು ನಮ್ಮ ಪಾಲಿನ ಕೆಲಸ. ಇಲಾಖೆ ಮತ್ತು ಕಂಪನಿಗಳ ಪಾಲಿನದು ಇನ್ನೊಂದು. ಇಷ್ಟು ಕೋಟಿ ಕರೆ ತಡೆದೆವು, ಇಷ್ಟು ಲಕ್ಷ ಸಿಮ್ ರದ್ದು ಮಾಡಿದೆವು ಎಂದು ಪ್ರಕಟಣೆ ಹೊರಡಿಸುವಾಗ, ಅದರಲ್ಲಿ ತಪ್ಪಾಗಿ ತಡೆದದ್ದೆಷ್ಟು, ಮರಳಿ ಜೋಡಿಸಿದ್ದೆಷ್ಟು, ಜೋಡಿಸಲು ಎಷ್ಟು ದಿನ ಹಿಡಿಯಿತು ಎಂಬ ಅಂಕಿಗಳನ್ನೂ ಅದೇ ಪ್ರಕಟಣೆಯಲ್ಲಿ ಕೊಡಬೇಕು. ಯಾವ ಸಂಖ್ಯಾಶಾಸ್ತ್ರ ವಿದ್ಯಾರ್ಥಿಯ ಪ್ರಬಂಧವೂ ಆ ಅಂಕಿಗಳಿಲ್ಲದೆ ಮೌಖಿಕ ಪರೀಕ್ಷೆ ದಾಟುವುದಿಲ್ಲ.